ಬಾಡಿಗೆ ಕಾರಿನಲ್ಲಿ ಕುಂಬಳೆಯಿಂದ ತಲಕಾವೇರಿಗೆ: ಹೊರಡುವ ಮೊದಲು ಇಷ್ಟು ನೋಡಿಕೊಳ್ಳಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಡೆಯ ನಮಗೆ ಕರ್ನಾಟಕದ ಗಡಿ ದಾಟುವುದು ದಿನನಿತ್ಯದ ಸಂಗತಿ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆಯ ಸೀರೆಗೆ ಎಲ್ಲದಕ್ಕೂ ಮಂಗಳೂರೇ ಆಗಬೇಕು. ಗಡಿಯ ತಲಪಾಡಿ ಬಂತು ಅಂತ ಬಸ್ಸಿನಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಮಾತ್ರ ಗಡಿ ನಮ್ಮ ಕಣ್ಣಿಗೆ ಬಿದ್ದಿತ್ತು. ಕಳೆದ ಡಿಸೆಂಬರಿನಲ್ಲಿ ಬಾಡಿಗೆ ಕಾರು ತೆಗೆದುಕೊಂಡಾಗ ಇನ್ನೊಮ್ಮೆ ಬಿತ್ತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಮ್ಮನಿಗೆ ತಲಕಾವೇರಿ ನೋಡಬೇಕೆಂದು ಬಹಳ ವರ್ಷದ ಆಸೆ. ಅಪ್ಪನಿಗೆ ಮೊಣಕಾಲು ನೋವು, ಬಸ್ಸು ಬದಲಿಸುತ್ತಾ ಹೋಗುವುದು ಆಗದ ಮಾತು. ತಂಗಿಯೂ ನಾನೂ ಇಬ್ಬರೂ ಕಾರು ಓಡಿಸುತ್ತೇವೆ. ಸರಿ, ಮಂಗಳೂರಿನಲ್ಲಿ ಎರಡು ದಿನಕ್ಕೆ ಕಾರು ಹಿಡಿಯೋಣ ಅಂತ ತೀರ್ಮಾನ ಆಯಿತು. ಹೋಗುವಾಗ ಬದಿಯಡ್ಕ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ. ಬರುವಾಗ ಭಾಗಮಂಡಲದಿಂದ ಕರಿಕೆ ಘಾಟಿ ಇಳಿದು ಪಾಣತ್ತೂರು, ಕಾಞಂಗಾಡ್, ಬೇಕಲ. ಕರ್ನಾಟಕದಲ್ಲಿ ಹತ್ತಿ ಕೇರಳ, ಕೇರಳದಿಂದ ಕರ್ನಾಟಕ, ಮತ್ತೆ ಕೇರಳ, ಕೊನೆಗೆ ಮಂಗಳೂರು. ಎರಡು ದಿನದಲ್ಲಿ ನಾಲ್ಕು ಸಲ ಗಡಿ.

ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟು. ನಮಗೆ ಮೊದಲು ಸಿಕ್ಕಿದ ಕಾರು ವೈಟ್ ಬೋರ್ಡ್. ಬಾಡಿಗೆ ಕಡಿಮೆ, ಗಾಡಿಯೂ ಹೊಸತು. "ಏನೂ ಆಗುವುದಿಲ್ಲ, ಫ್ರೆಂಡಿನ ಗಾಡಿ ಅಂತ ಹೇಳಿ" ಎಂದರು ಕೊಡುವವರು. ನಾನು ಬೇಡ ಅಂದೆ. ನೀವೂ ಬೇಡ ಅನ್ನಿ. ಬಿಳಿ ಪ್ಲೇಟಿನ ಕಾರು ಸ್ವಂತ ಬಳಕೆಗೆ ಮಾತ್ರ. ಬಾಡಿಗೆಗೆ ಕೊಟ್ಟದ್ದು ಎಂದು ಗೊತ್ತಾದರೆ ಅಪಘಾತದ ಹೊತ್ತಿಗೆ ಇನ್ಶೂರೆನ್ಸ್ ಕೈಕೊಡಬಹುದು. ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಸುಳ್ಳು ಹೇಳುತ್ತಾ ಘಾಟಿ ಹತ್ತುವ ಕೆಲಸ ಯಾಕೆ ಬೇಕು? ನಾವೇ ಓಡಿಸಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟಿನಲ್ಲಿ ಹಳದಿ ಅಕ್ಷರ ಇರುತ್ತದೆ. ಅದನ್ನೇ ಕೇಳಿ.

ಕಪ್ಪು ಪ್ಲೇಟು ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡಿ, ಪರ್ಮಿಟ್ ಕೇಳಿ. ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇಲ್ಲದ ಗಾಡಿ ಪಕ್ಕದ ರಾಜ್ಯಕ್ಕೆ ಹೋಗಬೇಕಾದರೆ ಅಲ್ಲಿನ ಪರ್ಮಿಟ್, ತೆರಿಗೆ ಎಲ್ಲ ಬೇರೆ ಆಗಬೇಕು. ಅದನ್ನು ಯಾರು ಕಟ್ಟುತ್ತಾರೆ ಎನ್ನುವುದು ಬುಕ್ ಮಾಡುವ ಮೊದಲೇ ವಾಟ್ಸಾಪಿನಲ್ಲಿ ಬರೆದು ಬರಲಿ. ನಾನು ಹಿಂದಿನ ರಾತ್ರಿಯೇ ಗಾಡಿಯ ನಂಬರು ತರಿಸಿಕೊಂಡು ವಾಹನದ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ಹಾಕಿ ನೋಡಿದೆ. ಹೊಗೆ ತಪಾಸಣೆಯ ಸರ್ಟಿಫಿಕೇಟು ಮುಗಿದು ಐದು ದಿನ ಆಗಿತ್ತು! ಫೋನ್ ಮಾಡಿ ಹೇಳಿದೆ, ಬೆಳಿಗ್ಗೆ ಹೊಸತು ಮಾಡಿಸಿಯೇ ಕೊಟ್ಟರು. ಸುಮ್ನೆ ಹೊರಟಿದ್ದರೆ ದಂಡ ಕಟ್ಟುವ ಗಲಾಟೆ ದಾರಿಯಲ್ಲಿ ನಮಗೇ ಆಗುತ್ತಿತ್ತು.

ಕರಾರು ಪತ್ರದಲ್ಲಿ ಎರಡು ವಿಷಯ ನೋಡಿ. ಓಡಿಸುವವರೆಲ್ಲರ ಹೆಸರು ಅದರಲ್ಲಿ ಇರಬೇಕು. ನಾನು ಕೇಳಿ ತಂಗಿಯ ಹೆಸರನ್ನೂ, ಲೈಸೆನ್ಸ್ ನಂಬರನ್ನೂ ಸೇರಿಸಿದೆ. ಇನ್ನೊಂದು ಕಿಲೋಮೀಟರ್ ಮಿತಿ. ನಮಗೆ 48 ಗಂಟೆಗೆ 400 ಕಿ.ಮೀ. ಇತ್ತು. ಮ್ಯಾಪ್ ಈ ಸುತ್ತಿಗೆ 350ರ ಆಸುಪಾಸು ತೋರಿಸುತ್ತದೆ. ಹೋಮ್‌ಸ್ಟೇ ಹುಡುಕಿದ್ದು, ಊಟಕ್ಕೆ ತಿರುಗಿದ್ದು ಎಲ್ಲ ಸೇರಿ ನಮ್ಮದು 418 ಆಯಿತು. ಜಾಸ್ತಿ ಆದದ್ದಕ್ಕೆ ಕಿಲೋಮೀಟರಿಗೆ 12 ರೂಪಾಯಿ. ಮ್ಯಾಪಿನ ಲೆಕ್ಕಕ್ಕೆ ಯಾವಾಗಲೂ 60-70 ಸೇರಿಸಿಯೇ ಪ್ಯಾಕೇಜು ಆರಿಸಿ.

ಪೆಟ್ರೋಲು ಕರ್ನಾಟಕದಲ್ಲಿ ಹಾಕಿಸಿ. ಕೇರಳಕ್ಕಿಂತ ಕಡಿಮೆ ದರ ಎಂದು ನಮ್ಮೂರಿನವರೆಲ್ಲ ತಲಪಾಡಿಯಲ್ಲೇ ತುಂಬಿಸಿಕೊಳ್ಳುವುದು ಗೊತ್ತಲ್ವಾ? ಈ ಸುತ್ತಿನಲ್ಲಿ ಸುಳ್ಯ ಅಥವಾ ಮಡಿಕೇರಿಯಲ್ಲಿ ತುಂಬಿಸುವುದು ಒಳ್ಳೆಯದು. ಭಾಗಮಂಡಲದಿಂದ ಪಾಣತ್ತೂರಿನವರೆಗೆ ಕಾಡುದಾರಿ.

ಕುಂಬಳೆಯಿಂದ ಕಾಸರಗೋಡು ಪೇಟೆಗೆ ಹೋಗುವುದು ಬೇಡ. ಸೀತಾಂಗೋಳಿ, ಬದಿಯಡ್ಕ ಮೂಲಕ ಮುಳ್ಳೇರಿಯಕ್ಕೆ ನೇರ ರಸ್ತೆ ಇದೆ. ಬೆಳಿಗ್ಗೆ ಹೊರಟು ಸುಳ್ಯದಲ್ಲಿ ತಿಂಡಿ ತಿಂದೆವು. ಸಂಪಾಜೆ ಘಾಟಿ ಈಗ ಚೆನ್ನಾಗಿದೆ. ಆದರೂ 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದದ್ದು ಮರೆಯುವ ಹಾಗಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಜರಿದು ಜೀವಗಳು ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಇಟ್ಟುಕೊಳ್ಳಬೇಡಿ.

ರಾತ್ರಿ ಮಡಿಕೇರಿಯಲ್ಲಿ ಉಳಿದು, ಭಾನುವಾರ ಬೆಳಿಗ್ಗೆ ಭಾಗಮಂಡಲದ ಸಂಗಮಕ್ಕೆ ಹೋದೆವು. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗ. ಅಮ್ಮ ನೀರಿಗಿಳಿದು ಮೂರು ಸಲ ಮುಳುಗು ಹಾಕಿ, ನಡುಗುತ್ತಾ ನಗುತ್ತಾ ಮೇಲೆ ಬಂದರು. ಅಲ್ಲಿಂದ ಎಂಟು ಕಿಲೋಮೀಟರ್ ತಲಕಾವೇರಿ. ಕಾವೇರಿ ಹುಟ್ಟುವ ಕುಂಡಿಕೆಯ ಎದುರು ಅಮ್ಮ ಎಷ್ಟೋ ಹೊತ್ತು ಕೈ ಮುಗಿದು ನಿಂತಿದ್ದರು. ಅಪ್ಪ ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತರು. ಹಿರಿಯರನ್ನು ಕರೆದುಕೊಂಡು ಹೋಗುವವರು ಸ್ವೆಟರ್ ಮರೆಯಬೇಡಿ, ಬೆಳಗಿನ ಗಾಳಿ ತುಂಬಾ ಚಳಿ.

ಇನ್ನು ಕರಿಕೆ ಘಾಟಿ. ರಸ್ತೆ ಸಪೂರ, ತಿರುವಿನ ಮೇಲೆ ತಿರುವು, ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಇಳಿಯುವಾಗ ಎಡಗಡೆಯ ಹಿಂದಿನ ಟೈರು ಪಂಚರ್ ಆಯಿತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇದೆ, ಜಾಕಿ ಇದೆ, ನಟ್ಟು ಬಿಚ್ಚುವ ವೀಲ್ ಸ್ಪಾನರ್ ಮಾತ್ರ ಇಲ್ಲ. ಕಾರು ತೆಗೆದುಕೊಳ್ಳುವಾಗ ಗೀರು, ಲೈಟು ಎಲ್ಲ ನೋಡಿದ್ದೆ, ಇದನ್ನು ನೋಡಿರಲಿಲ್ಲ. ಸುಮಾರು ಮುಕ್ಕಾಲು ಗಂಟೆ ಕಾದ ಮೇಲೆ ಕೆಳಗಿನಿಂದ ಒಂದು ಜೀಪು ಬಂತು. ಓಡಿಸುತ್ತಿದ್ದವರು ತಾವಾಗಿಯೇ ನಿಲ್ಲಿಸಿ, "ಎಂತ ಮಾರಾಯ್ರೆ, ಪಂಚರಾ?" ಎಂದರು. ತಮ್ಮ ಸ್ಪಾನರ್ ನಮ್ಮ ನಟ್ಟಿಗೆ ಕೂರದೆ, ಹಿಂದಿನ ಪೆಟ್ಟಿಗೆ ತಡಕಾಡಿ ನಾಲ್ಕು ಮೂತಿಯ ಇನ್ನೊಂದನ್ನು ತೆಗೆದರು. ನಟ್ಟು ಗಟ್ಟಿಯಾಗಿ ಹಿಡಿದಿತ್ತು. ಸ್ಪಾನರಿನ ಕೈ ಮೇಲೆ ಅವರು ನಿಂತು ಭಾರ ಬಿಟ್ಟಾಗ ಕಿರ್ರ್ ಎಂದು ಸಡಿಲವಾಯಿತು. ಹಣ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡರು. "ಕತ್ತಲೆ ಆಗುವ ಮೊದಲು ಪಾಣತ್ತೂರು ಮುಟ್ಟಿ, ಆನೆ ಉಂಟು" ಅಂತ ಹೇಳಿ ಹೊರಟುಹೋದರು. ಅವರ ಉಪಕಾರ ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ.

ಹಾಗಾಗಿ ಕಾರು ಹಿಡಿಯುವಾಗಲೇ ಡಿಕ್ಕಿ ತೆಗೆಸಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ನೋಡಿ, ಒಂದು ನಟ್ಟಿಗೆ ಸ್ಪಾನರ್ ಹಾಕಿ ತಿರುಗಿಸಿ ನೋಡಿ. ಕಾಗದಪತ್ರಗಳ ಫೋಟೋ ಫೋನಿನಲ್ಲೇ ಉಳಿಸಿಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಆ್ಯಪ್ ತೆರೆಯುವುದಿಲ್ಲ. ಈ ಘಾಟಿಯನ್ನು ಮಧ್ಯಾಹ್ನದೊಳಗೆ ಇಳಿಯಿರಿ.

ಇದೆಲ್ಲ ಆಗಿ ಬೇಕಲಕ್ಕೆ ಬರುವಾಗ ಕೋಟೆಯ ಬಾಗಿಲು ಹಾಕಿತ್ತು. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಹೊರಗಿನಿಂದಲೇ ನೋಡಿದೆವು. ಕೇರಳದ ರಸ್ತೆಗಳಲ್ಲಿ 2023ರ ಜೂನ್‌ನಿಂದ ಎಐ ಕ್ಯಾಮರಾಗಳು ದಂಡ ಹಾಕುತ್ತಿವೆ. ಮುಂದಿನ ಸೀಟಿನವರ ಬೆಲ್ಟು, ಓಡಿಸುವವರ ಕೈಯ ಫೋನು ಎರಡೂ ಅದಕ್ಕೆ ಕಾಣುತ್ತದೆ. ನೋಟೀಸು ಹೋಗುವುದು ಕಾರಿನ ಮಾಲೀಕರಿಗೆ, ಹಣ ಹೋಗುವುದು ನಿಮ್ಮ ಡೆಪಾಸಿಟ್‌ನಿಂದ.

ಕಾರು ಒಪ್ಪಿಸುವಾಗ ಬಲಗಡೆಯ ಬಾಗಿಲ ಕೆಳಗೆ ಬೆರಳುದ್ದದ ಗೀರು ತೋರಿಸಿ, ಇದು ನಿಮ್ಮದು ಎಂದರು. ತೆಗೆದುಕೊಳ್ಳುವಾಗ ಸುತ್ತಲೂ ನಡೆದು ಮಾಡಿದ ವಿಡಿಯೊದಲ್ಲಿ ಅದೇ ಗೀರು ಇತ್ತು, ಮೀಟರಿನ ಅಂಕಿಯೂ ಪೆಟ್ರೋಲಿನ ಮುಳ್ಳೂ ಇದ್ದವು. ಮತ್ತೆ ಮಾತಿಲ್ಲ. ಜಾಸ್ತಿ ಓಡಿದ 18 ಕಿಲೋಮೀಟರಿನ 216 ರೂಪಾಯಿ ಹಿಡಿದು, ಡೆಪಾಸಿಟ್ ಒಂಬತ್ತನೆಯ ದಿನ ವಾಪಸ್ ಬಂತು.