ಎಂಜಿನ್ ಮೇಲಿನ ಒಂದು ಅಕ್ಷರ

ಹೋದ ಶನಿವಾರ, ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ, ನಮ್ಮ ಪಕ್ಕದ ಮನೆಯ ಅಜ್ಜನ ಕಾರು ನೋಡಲು ಒಹಾಯೊ ರಾಜ್ಯದಿಂದ ಒಬ್ಬರು ಬಂದಿದ್ದರು. ಕಾರು ಮಾರಾಟಕ್ಕಿದೆ ಅಂತ ಅಜ್ಜ ಯಾರಿಗೂ ಹೇಳಿರಲಿಲ್ಲ. ಅವರ ಮಗ ಎಲ್ಲೋ ಮಾತಿನ ಮಧ್ಯೆ ಅಂದಿದ್ದು ಬಾಯಿಂದ ಬಾಯಿಗೆ ಹೋಗಿ ಅಲ್ಲಿಗೂ ಮುಟ್ಟಿತ್ತು. 1972ರ ಕಾರ್ವೆಟ್ ಸ್ಟಿಂಗ್‌ರೇ, ಷೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರು, ಕಡು ಹಸಿರು ಬಣ್ಣ. ಬಂದವರು ಬಣ್ಣ ನೋಡಲಿಲ್ಲ, ಒಳಗೆ ಕೂತೂ ನೋಡಲಿಲ್ಲ. ಬಾನೆಟ್ ಎತ್ತಿಸಿದರು. ಎಂಜಿನ್‌ನ ಮುಂದುಗಡೆ, ಬಲಕ್ಕೆ, ಎರಡು ಬೆರಳಗಲದ ಸಮತಟ್ಟು ಜಾಗ ಇರುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು, ಅಲ್ಲಿ ಒತ್ತಿದ್ದ ಅಕ್ಷರ, ಅಂಕಿಗಳನ್ನು ಒಂದೊಂದಾಗಿ ಓದಿಕೊಂಡರು. ಗಾಡಿಯ ಚಾಸಿ ನಂಬರೂ ಎಂಜಿನ್ ಮೇಲಿನ ನಂಬರೂ ಒಂದಕ್ಕೊಂದು ಹೊಂದಿದರೆ ಇಂಥ ಕಾರಿನ ಬೆಲೆಯೇ ಬೇರೆ. ಹುಟ್ಟಿದಾಗ ಕೂರಿಸಿದ್ದ ಎಂಜಿನ್ನೇ ಇನ್ನೂ ಇದೆ ಅಂತ ಅರ್ಥ. ಹೊಂದಿತು. ಅವರ ಮುಖ ಅರಳಿತು. ಒಳ್ಳೆಯ ಮೊತ್ತವನ್ನೇ ಹೇಳಿದರು.

ಅಜ್ಜ ಆ ಸಾಲಿನ ಮೊದಲನೇ ಅಕ್ಷರದ ಮೇಲೆ ಬೆರಳಿಟ್ಟರು. ‘ವಿ’.

“ಇದು ನಮ್ಮ ಮಿಷಿಗನ್‌ನ ಫ್ಲಿಂಟ್ ಊರಿನ ಗುರುತು. ಆ ವರ್ಷ ನಾನು ಆ ಎಂಜಿನ್ ಪ್ಲಾಂಟ್‌ನಲ್ಲೇ ಕೆಲಸಕ್ಕಿದ್ದೆ. ಇದು ನನ್ನ ಕೈಮೇಲೆ ಹೋಗಿತ್ತೋ ಇಲ್ಲವೋ ಗೊತ್ತಿಲ್ಲ. ಹೋಗಿರಲಿಲ್ಲ ಅಂತ ಹೇಳುವವರೂ ಯಾರಿಲ್ಲ” ಅಂದರು. ಕಾರು ಕೊಡಲಿಲ್ಲ. ಬಂದವರಿಗೆ ಕಾಫಿ ಕೊಟ್ಟು ಕಳಿಸಿದರು.

ನನ್ನ ಮಗಳು ಅಲ್ಲೇ ಗ್ಯಾರೇಜ್‌ನ ಸ್ಟೂಲ್ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ರಾತ್ರಿ ಊಟದ ಹೊತ್ತಿಗೆ ಕೇಳಿದಳು: “ಅಮ್ಮ, ಮೈಸೂರು ತಾತನ ಬೈಕ್ ಮಾಡಿದ್ದು ಯಾರು? ಅವರೆಲ್ಲ ಈಗ ಎಲ್ಲಿದ್ದಾರೆ?”

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಆ ಪ್ರಶ್ನೆ ತಲೆಯಿಂದ ಇಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಊರಿನವರಿಗೆ ಈ ಕಾರಿನ ಹುಚ್ಚು ಅರ್ಥ ಆಗುವುದು ಕಷ್ಟ. ನಾವು ಮಿಷಿಗನ್‌ಗೆ ಬಂದ ಹೊಸತರಲ್ಲಿ ನನಗೂ ಆಗಿರಲಿಲ್ಲ. ಐವತ್ತು ವರ್ಷ ದಾಟಿದ ಕಾರು. ಇಬ್ಬರೇ ಕೂರಬಹುದು. ಡಿಕ್ಕಿಗೆ ಹೊರಗಿನಿಂದ ಬಾಗಿಲೇ ಇಲ್ಲ, ಸೀಟಿನ ಹಿಂದೆ ಕೈ ಹಾಕಿ ಚೀಲ ತುರುಕಬೇಕು. ಬೇಸಿಗೆಯಲ್ಲಿ ಎಂಜಿನ್ ಕಾವು ಕಾಲಿಗೆ ಹೊಡೆಯುತ್ತದೆ. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗೆ ಸುರಿಯುವ ಉಪ್ಪಿಗೆ ಹೆದರಿ ತಿಂಗಳುಗಟ್ಟಲೆ ಹೊರಗೇ ತೆಗೆಯುವುದಿಲ್ಲ. ಮೇಲ್ಮೈ ಫೈಬರ್‌ಗ್ಲಾಸ್, ಅದಕ್ಕೆ ತುಕ್ಕಿಲ್ಲ. ಆದರೆ ಅಡಿಯ ಚೌಕಟ್ಟು ಉಕ್ಕಿನದು, ಅದಕ್ಕೆ ತುಕ್ಕು ತಪ್ಪಿದ್ದಲ್ಲ. ಇನ್ನು ಶಕ್ತಿ? ಆ ವರ್ಷದ ಸಾಮಾನ್ಯ ಎಂಜಿನ್‌ಗೆ ಇದ್ದದ್ದು 200 ಅಶ್ವಶಕ್ತಿ. ಮಕ್ಕಳನ್ನು ಈಜು ಕ್ಲಾಸಿಗೆ ಬಿಡುವ ನಮ್ಮ ಮಿನಿವ್ಯಾನ್‌ಗೆ ಅದಕ್ಕಿಂತ ಜಾಸ್ತಿ ಇದೆ. ಹಾಗಾದರೆ ಇದರಲ್ಲಿ ಏನಿದೆ?

ಮೊದಲು ಹೇಳಬೇಕಾದ್ದು ಸದ್ದು. ಅಜ್ಜ ಒಂದು ದಿನ ಮಗಳಿಗೆ ಎಂಜಿನ್ ತೋರಿಸಿ ಎಂಟು ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಸಿಡಿಯುವ ಸರದಿ ಹೇಳಿಕೊಟ್ಟರು. ಒಂದು, ಎಂಟು, ನಾಲ್ಕು, ಮೂರು, ಆರು, ಐದು, ಏಳು, ಎರಡು. ಈಗ ಅವಳು ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾಳೆ. ಬೆಸ ಸಂಖ್ಯೆಯವು ಎಡಸಾಲಿನಲ್ಲಿ, ಸರಿ ಸಂಖ್ಯೆಯವು ಬಲಸಾಲಿನಲ್ಲಿ. ಒಮ್ಮೆ ಎಡ, ಒಮ್ಮೆ ಬಲ ಅಂತ ಸಿಡಿಯುತ್ತ ಹೋಗಿದ್ದರೆ ಸದ್ದು ಒಂದೇ ಸಮ ಇರುತ್ತಿತ್ತು. ಆದರೆ ಎಂಟು, ನಾಲ್ಕು ಎರಡೂ ಬಲದವು. ಒಂದರ ಹಿಂದೆ ಒಂದು ಸಿಡಿಯುತ್ತವೆ. ಐದು, ಏಳು ಎರಡೂ ಎಡದವು, ಅವೂ ಹಾಗೇ. ಅದರಿಂದಲೇ ಆ ತಡವರಿಸುತ್ತ ಗುಡುಗುಟ್ಟುವ ಸದ್ದು ಬರುವುದು. ಕಾರು ಸುಮ್ನೆ ನಿಂತಿದ್ದಾಗ ಅದು ಎದೆಗೇ ತಾಗುತ್ತದೆ. ಇದನ್ನು ತಿಳಿದ ಮೇಲೆ ನನಗೆ ಬೇರೆ ಕಾರುಗಳ ಮಧ್ಯೆಯೂ ಇದು ಕಿವಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ ಅಜ್ಜ ಹೊರಟರು ಅಂತ ಗೊತ್ತಾಗುತ್ತದೆ.

ಇನ್ನೊಂದು, ಈ ಕಾರಿನ ಕೆಲಸಗಳೆಲ್ಲ ಕಣ್ಣಿಗೆ ಕಾಣುತ್ತವೆ. ಹೆಡ್‌ಲೈಟ್‌ಗಳು ಬಾನೆಟ್ ಒಳಗೆ ಅಡಗಿರುತ್ತವೆ. ಗುಂಡಿ ಎಳೆದರೆ ಮೇಲೇಳುತ್ತವೆ. ಮೋಟಾರ್ ಇಲ್ಲ, ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದಲೇ ಅವು ಎದ್ದು ಕೂರುವುದು. ಎಲ್ಲೋ ಒಂದು ರಬ್ಬರ್ ಕೊಳವೆ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಒಂದು ಕಣ್ಣು ಮೊದಲು ತೆರೆದು ಇನ್ನೊಂದು ಆಮೇಲೆ ನಿಧಾನವಾಗಿ ತೆರೆಯುತ್ತದೆ. ಅಜ್ಜ ಹೋದ ವಸಂತದಲ್ಲಿ ಆ ಸೀಳು ಹುಡುಕುತ್ತ ದಿನಗಟ್ಟಲೆ ಕೂತಿದ್ದರು. ಒಂದೊಂದೇ ಕೊಳವೆ ಬಿಚ್ಚಿ, ಬಾಯಿಂದ ಗಾಳಿ ಎಳೆದು, ನಾಲಿಗೆ ಅಡ್ಡ ಇಟ್ಟು, ಹಿಡಿಯುತ್ತದೋ ಬಿಡುತ್ತದೋ ಅಂತ ನೋಡುವುದು. ಸಿಕ್ಕಿದ ದಿನ ನಮ್ಮ ಮನೆ ಬಾಗಿಲು ತಟ್ಟಿ ತೋರಿಸಿದರು. ಬೆರಳುದ್ದದ ಕಪ್ಪು ರಬ್ಬರ್ ತುಂಡು. ಎಷ್ಟು ಖುಷಿಯಾಗಿದ್ದರು ಅಂದರೆ, ನಾನೂ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದೆ. ನನ್ನ ಗಂಡ ಸಾಫ್ಟ್‌ವೇರ್‌ನವರು. ಅವರ ಕೆಲಸದಲ್ಲಿ ತಪ್ಪು ಸಿಕ್ಕರೂ ಹೀಗೆ ಅಂಗೈ ಮೇಲೆ ಇಟ್ಟು ತೋರಿಸಲು ಆಗುವುದಿಲ್ಲ ಅಂತ ಅವರಿಗೆ ಬೇಜಾರು.

ಕಾರ್ವೆಟ್ ಹುಟ್ಟಿದ್ದೂ ಫ್ಲಿಂಟ್‌ನಲ್ಲೇ. 1953ರ ಜೂನ್ 30ರಂದು ಮೊದಲ ಕಾರು ಅಲ್ಲಿಂದ ಹೊರಬಂತು. ಆ ವರ್ಷ ಮಾಡಿದ್ದು 300 ಮಾತ್ರ, ಹೆಚ್ಚುಕಡಿಮೆ ಎಲ್ಲ ಕೈಯಿಂದಲೇ ಜೋಡಿಸಿದ್ದು. ಎಲ್ಲವೂ ಬಿಳಿ, ಒಳಗೆ ಕೆಂಪು. ನೋಡಲು ಚೆಂದ, ಓಡಿಸಲು ಸಪ್ಪೆ. ಆರು ಸಿಲಿಂಡರ್, ಎರಡೇ ಗೇರು. 1955ರ ಹೊತ್ತಿಗೆ ಮಾಡಿದ್ದು ಬರೀ 700. ಇನ್ನೇನು ನಿಂತೇ ಹೋಗುತ್ತದೆ ಅನ್ನುವ ಸ್ಥಿತಿ. ಆಗ ಅದನ್ನು ಹಿಡಿದು ನಿಲ್ಲಿಸಿದವರಲ್ಲಿ ದೊಡ್ಡ ಹೆಸರು ಜೋರಾ ಆರ್ಕಸ್-ಡಂಟೋವ್. ಬೆಲ್ಜಿಯಂನಲ್ಲಿ ಹುಟ್ಟಿದವರು, ರಷ್ಯಾದ ಯಹೂದಿ ಕುಟುಂಬ, ಬರ್ಲಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ನ್ಯೂಯಾರ್ಕ್‌ನ ಪ್ರದರ್ಶನದಲ್ಲಿ ಈ ಕಾರು ನೋಡಿ, ಅದರ ರೂಪಕ್ಕೆ ಮರುಳಾಗಿ, ಷೆವ್ರೊಲೆ ಕಂಪನಿಗೆ ತಾವೇ ಪತ್ರ ಬರೆದು ಕೆಲಸಕ್ಕೆ ಸೇರಿದರು. ಎಂಟು ಸಿಲಿಂಡರ್‌ನ ವಿ8 ಎಂಜಿನ್ ಬಂತು, ರೇಸ್‌ಗಳು ಬಂದವು, ಕಾರಿಗೆ ಜೀವ ಬಂತು. 1996ರಲ್ಲಿ ಅವರು ತೀರಿಕೊಂಡಾಗ ಚಿತಾಭಸ್ಮವನ್ನು ಕೆಂಟಕಿಯ ಬೌಲಿಂಗ್ ಗ್ರೀನ್‌ನ ಕಾರ್ವೆಟ್ ಮ್ಯೂಸಿಯಂನಲ್ಲಿ ಇಟ್ಟರು.

ಅಮೆರಿಕದ ಹೆಮ್ಮೆ ಅಂತ ಎಲ್ಲರೂ ಕರೆಯುವ ಕಾರಿಗೆ ಜೀವ ಕೊಟ್ಟವರು ಉಚ್ಚಾರಣೆಯಲ್ಲೇ ಹೊರಗಿನವರು ಅಂತ ಗೊತ್ತಾಗುವಂಥ ಮನುಷ್ಯ. ಇದನ್ನು ಅಜ್ಜ ನನಗೆ ಹೇಳಿದ್ದು, ನನ್ನ ಇಂಗ್ಲಿಷನ್ನು ಯಾರೋ ಅಂಗಡಿಯಲ್ಲಿ ಆಡಿಕೊಂಡ ದಿನ. ಸಮಾಧಾನ ಹೇಳುತ್ತಿದ್ದೇನೆ ಅಂತ ತೋರಿಸಿಕೊಳ್ಳಲೇ ಇಲ್ಲ. ಬೋಲ್ಟ್ ಬಿಗಿ ಮಾಡುತ್ತ ಸುಮ್ನೆ ಹೇಳಿದರು.

ಆಗಸ್ಟ್‌ನ ಮೂರನೇ ಶನಿವಾರ ಇಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆ. 1995ರಲ್ಲಿ ಫರ್ನ್‌ಡೇಲ್ ಊರಿನ ಮಕ್ಕಳಿಗೆ ಸಾಕರ್ ಮೈದಾನ ಮಾಡಲು ಹಣ ಎತ್ತೋಣ ಅಂತ ಶುರುವಾಗಿದ್ದು. ಈಗ ಪಾಂಟಿಯಾಕ್ ತನಕ ಸಾಲುಗಟ್ಟುತ್ತದೆ, ಜನ ಫುಟ್‌ಪಾತ್‌ನಲ್ಲಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕೂರುತ್ತಾರೆ. ನನಗೆ ಅಲ್ಲಿ ಕಣ್ಣಿಗೆ ಬಿದ್ದದ್ದು ಕಾರುಗಳಿಗಿಂತ ಓಡಿಸುವವರು. ಎಲೆಕ್ಟ್ರಿಷಿಯನ್, ವೆಲ್ಡರ್, ನಿವೃತ್ತ ಮೇಷ್ಟರು, ಪ್ಲಾಂಟ್‌ನಲ್ಲಿ ಶಿಫ್ಟ್ ಮಾಡಿದವರು. ಕೈಯ ಗೆರೆಗಳಲ್ಲಿ ಗ್ರೀಸ್ ಉಳಿದವರು. ಒಂದು ಕಾರ್ವೆಟ್‌ಗೆ ಇನ್ನೊಂದು ಎದುರಾದರೆ ಕೈ ಎತ್ತಬೇಕು, ಅದು ಅವರ ಶಿಷ್ಟಾಚಾರ. ಒಳಗಿರುವವರು ಯಾರೆಂದು ಗೊತ್ತಿರಬೇಕಾಗಿಲ್ಲ.

ಸರ್ಕಾರವೂ ಇವರಿಗೆ ಜಾಗ ಕೊಟ್ಟಿದೆ. ಮಿಷಿಗನ್‌ನಲ್ಲಿ 25 ವರ್ಷ ದಾಟಿದ ಗಾಡಿಗೆ ಐತಿಹಾಸಿಕ ನಂಬರ್ ಪ್ಲೇಟ್ ಸಿಗುತ್ತದೆ. ಮೆರವಣಿಗೆ, ಪ್ರದರ್ಶನ, ಕ್ಲಬ್ ಓಡಾಟಕ್ಕೆ ಮಾತ್ರ ಅಂತ ನಿಯಮ. ಆದರೆ ಆಗಸ್ಟ್ ತಿಂಗಳು ಪೂರ್ತಿ ಎಲ್ಲಿಗೆ ಬೇಕಾದರೂ ಓಡಿಸಬಹುದು. ಹಾಲು ತರಲೂ ಹೋಗಬಹುದು. ಅಜ್ಜ ಹೋಗುತ್ತಾರೆ. ಕಾನೂನು ಬರೆಯುವಾಗ ಯಾರೋ ಒಬ್ಬರು ಇಂಥವರ ಬೇಸಿಗೆಯನ್ನು ನೆನೆಸಿಕೊಂಡಿದ್ದಾರೆ ಅಲ್ವಾ ಅಂತ ನನಗೆ ಪ್ರತಿ ವರ್ಷ ಅನಿಸುತ್ತದೆ. ನಮ್ಮ ಭಾರತದಲ್ಲಿ 2021ರಲ್ಲಿ ವಿಂಟೇಜ್ ಗಾಡಿಗಳ ನಿಯಮ ಬಂತು. ಗಾಡಿಗೆ 50 ವರ್ಷ ಆಗಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯ ಓಡಿಸುವ ಹಾಗಿಲ್ಲ. ನಿಯಮ ಬಂದದ್ದು ಒಳ್ಳೆಯದೇ. ಆದರೆ ಅದನ್ನು ಬರೆದವರ ಕಣ್ಣೆದುರು ಇದ್ದದ್ದು ಅರಮನೆಯ ಕಾರು. ಅಪ್ಪನ ಬೈಕ್ ಅಲ್ಲ.

ಅಪ್ಪನ ಬೈಕ್ ಯೆಜ್ಡಿ. ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕ್‌ಗಳನ್ನು ಮಾಡಲು ಶುರು ಮಾಡಿದರು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಅನ್ನುವ ಹೆಸರು ಬಂತು. ಅಪ್ಪ ಅದನ್ನು ಸ್ಟಾರ್ಟ್ ಮಾಡುವ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಪೆಟ್ರೋಲ್ ಕೀಲಿ ತಿರುಗಿಸುವುದು. ಕಾರ್ಬೊರೇಟರ್ ಮೇಲಿನ ಸಣ್ಣ ಗುಂಡಿಯನ್ನು ಬೆರಳಿಗೆ ಪೆಟ್ರೋಲ್ ಹತ್ತುವ ತನಕ ಒತ್ತುವುದು. ಗೇರಿನ ಕಡ್ಡಿಯನ್ನೇ ಒಳಕ್ಕೆ ಅದುಮಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒಂದೇ ಕಡ್ಡಿಗೆ ಎರಡು ಕೆಲಸ. ಆಮೇಲೆ ಎರಡು ಸೈಲೆನ್ಸರ್‌ಗಳಿಂದಲೂ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಅಮ್ಮ ಒಣಗಲು ಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದರು.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪನ ಗಾಡಿ ಅದಾದ ಕೆಲವು ವರ್ಷಕ್ಕೆ ಗುಜರಿಗೆ ಹೋಯಿತು. ಹೊಸ ಮನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಮಳೆಗೆ ನೆನೆಯುತ್ತಿತ್ತು. ಯಾರೂ ಅತ್ತಿದ್ದು ನೆನಪಿಲ್ಲ. ಆ ಕಾಲದಲ್ಲಿ ಹಳೆಯ ಗಾಡಿ ಬಾಗಿಲಲ್ಲಿ ನಿಂತಿದ್ದರೆ ಮನೆಯವರ ಕೈ ಸಾಗುತ್ತಿಲ್ಲ ಅಂತ ನೆಂಟರು ತಿಳಿಯುತ್ತಿದ್ದರು. ಈಗ ಜಾವಾ, ಯೆಜ್ಡಿ ಹೆಸರುಗಳು ಮತ್ತೆ ಬಂದಿವೆ, ಆದರೆ ಬೈಕ್ ಮಾಡುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ನಮ್ಮವರಿಗೆ ಹಳೆಯ ಗಾಡಿಯ ಮೇಲೆ ಪ್ರೀತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂನಲ್ಲಿ ಎಂಥ ಕಾರುಗಳಿವೆ! ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಹುಡುಗರು ಗುಜರಿಯಿಂದ ಯೆಜ್ಡಿ ಎತ್ತಿ ತಂದು ಕೈಯಾರೆ ಜೀವ ತುಂಬುತ್ತಿದ್ದಾರೆ, ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಒಟ್ಟಾಗಿ ಸವಾರಿ ಹೋಗುತ್ತಾರೆ. ಆದರೆ ನಾವು ಯಾವಾಗಲೂ ಇಟ್ಟುಕೊಂಡದ್ದು ಗಾಡಿ ಯಾರದಾಗಿತ್ತು ಅನ್ನುವ ಲೆಕ್ಕ. ಯಾವ ಮಹಾರಾಜರದು, ಯಾವ ದಿವಾನರದು, ಯಾವ ನಟರದು. ಯಾರು ಮಾಡಿದ್ದು ಅನ್ನುವ ಲೆಕ್ಕ ಇಟ್ಟವರು ಕಡಿಮೆ. ಫ್ಲಿಂಟ್ ಅಂದರೆ ಈಗ ಜಗತ್ತಿಗೆ ನೆನಪಾಗುವುದು 2014ರಲ್ಲಿ ಶುರುವಾದ, ಕುಡಿಯುವ ನೀರಿಗೆ ಸೀಸ ಸೇರಿದ ಕಥೆ. ಅಜ್ಜನಿಗೆ ಅದರ ನೋವಿದೆ. ಆದರೆ ಅವರ ಊರಿನ ಹೆಸರು ಲಕ್ಷಗಟ್ಟಲೆ ಎಂಜಿನ್‌ಗಳ ಮೇಲೆ ಒಂದು ಅಕ್ಷರವಾಗಿ ಉಳಿದಿದೆ. ಬೆಲೆ ಕಟ್ಟಲು ಬಂದವರೂ ಅದನ್ನು ಮೊದಲು ಒರೆಸಿ ಓದಬೇಕು. ಈ ಕಾರನ್ನು ಅವರು ಯಾಕಿಷ್ಟು ಪ್ರೀತಿಸುತ್ತಾರೆ ಅಂತ ನನಗೆ ಅರ್ಥವಾದದ್ದು ಆ ಶನಿವಾರವೇ. ಅದು ಅವರು ದುಡಿದದ್ದಕ್ಕೆ ಸಾಕ್ಷಿ, ಮತ್ತು ಅದು ಓಡುತ್ತದೆ.

ಮಗಳ ಪ್ರಶ್ನೆಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಹಳೇ ಬೀದಿ ಕೊನೆ ಮನೆಯವರು ಅಲ್ಲೇ ಕೆಲಸಕ್ಕಿದ್ದರಲ್ಲ, ನೀನು ಮಾವ ಅಂತ ಕರೀತಿದ್ದೆ, ಸೈಕಲ್ಲಲ್ಲಿ ಹೋಗ್ತಿದ್ದರು” ಅಂದರು. ನೆನಪಾಯಿತು. ನಮ್ಮ ಗಾಡಿ ಕೆಟ್ಟಾಗಲೆಲ್ಲ ಅವರು ಬಂದು ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಅವರ ಕೆಲಸ ಏನು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರು ಈಗಿಲ್ಲ. ಅತ್ತೆ ಇದ್ದಾರೆ, ಅದೇ ಮನೆಯಲ್ಲಿ.

ಅಪ್ಪ ಮಾರನೇ ದಿನವೇ ಆಟೊ ಮಾಡಿಕೊಂಡು ಹೋಗಿ ಬಂದರು. ಮಾವ ಚಕ್ರದ ವಿಭಾಗದಲ್ಲಿದ್ದರಂತೆ. ರಿಮ್‌ಗೆ ಸ್ಪೋಕ್ಸ್ ಕಟ್ಟುವುದು, ತಿರುಗಿಸಿ ನೋಡಿ ಅಲುಗಾಟ ತೆಗೆಯುವುದು. ರಸ್ತೆಯಲ್ಲಿ ಯೆಜ್ಡಿ ಹೋದರೆ ನಿಂತು ಮೊದಲು ಚಕ್ರ ನೋಡುತ್ತಿದ್ದರು, ಸಂತೆಗೆ ಹೊರಟವರು ಹಿಂದೆ ಉಳಿದುಬಿಡುತ್ತಿದ್ದರು ಅಂತ ಅತ್ತೆ ಹೇಳಿದರಂತೆ.

ಮಗಳು ಇದನ್ನೆಲ್ಲ ಪಕ್ಕದ ಮನೆಗೆ ಓಡಿ ಹೋಗಿ ಹೇಳಿ ಬಂದಳು. ಅಜ್ಜ ಕೆಲಸ ಬಿಟ್ಟು ಕೇಳಿದರಂತೆ. ಸ್ಪೋಕ್ಸ್ ಬಿಗಿ ಸರಿಯಾಗಿದೆ ಅಂತ ಹೇಗೆ ತಿಳಿಯುತ್ತಿದ್ದರು, ಕಣ್ಣಳತೆಯಲ್ಲೋ, ತಟ್ಟಿ ಸದ್ದು ಕೇಳಿಯೋ, ಅದನ್ನು ವಿಚಾರಿಸು ಅಂದಿದ್ದಾರೆ. ಪ್ರಶ್ನೆಯನ್ನು ಅಪ್ಪನಿಗೆ ಕಳಿಸಿದ್ದೇವೆ. ಅಪ್ಪ ಈ ಭಾನುವಾರ ಮತ್ತೆ ಅತ್ತೆಯ ಮನೆಗೆ ಹೋಗುತ್ತಾರೆ. ಅದೇ ವಿಭಾಗದಲ್ಲಿದ್ದ ಇನ್ನೊಬ್ಬರು ಕುವೆಂಪುನಗರದಲ್ಲಿದ್ದಾರಂತೆ, ಅವರನ್ನೂ ಅಲ್ಲಿಗೆ ಕರೆಸುತ್ತಿದ್ದಾರೆ.