ಹರೆಯದ ಮಕ್ಕಳ ಜೊತೆ ಕ್ರೂಸ್: ಮೊದಲು ಕ್ಯಾಬಿನ್ ನೋಡಿ

ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದು ಮಾಡುವ ಪ್ರವಾಸ, ಎಂದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು, ಗೋವಾಕ್ಕೋ ಲಕ್ಷದ್ವೀಪಕ್ಕೋ ಅಂತ. ಮನೆಯಲ್ಲಿ ಹತ್ತನೆಯ ತರಗತಿಯ, ಪಿಯುಸಿಯ ಮಕ್ಕಳಿದ್ದರೆ ಅದಕ್ಕಿಂತ ಮುಂಚೆ ಕ್ಯಾಬಿನ್ ನಕ್ಷೆ ಕೇಳಿ. ‘ನಾಲ್ವರಿಗೆ’ ಎಂದು ಮಾರುವ ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ ಕೆಳಗೆ ಎರಡು ಹಾಸಿಗೆ, ಮೇಲೆ ರೈಲಿನ ಅಪ್ಪರ್ ಬರ್ತಿನಂತೆ ಬಿಚ್ಚುವ ಎರಡು ಬಂಕ್. ಬಾತ್‌ರೂಮ್ ಒಂದೇ. ಮೂರನೆಯವರಿಗೂ ನಾಲ್ಕನೆಯವರಿಗೂ ದರ ಕಡಿಮೆ ಎಂದು ಜನ ಅದನ್ನೇ ಹಿಡಿಯುತ್ತಾರೆ; ಬಂದರು ಶುಲ್ಕ, ತೆರಿಗೆಯಲ್ಲಿ ಆ ರಿಯಾಯಿತಿ ಇರುವುದಿಲ್ಲ. ಒಂದು ಬಾಲ್ಕನಿ ಕ್ಯಾಬಿನ್ನಿನ ಬದಲು ಕಿಟಕಿಯಿಲ್ಲದ ಎರಡು ಕ್ಯಾಬಿನ್ ಅಕ್ಕಪಕ್ಕ ಸಿಕ್ಕರೆ ಎಷ್ಟಾಗುತ್ತದೆ ಎಂದು ಕೇಳಿ. ಪ್ರತಿ ಕ್ಯಾಬಿನ್ನಿಗೂ ಒಬ್ಬ ದೊಡ್ಡವರ ಹೆಸರು ಬೇಕೆನ್ನುವ ಕಂಪನಿಗಳೇ ಹೆಚ್ಚು. ಅಪ್ಪನ ಹೆಸರು ಒಂದಕ್ಕೆ, ಅಮ್ಮನದು ಇನ್ನೊಂದಕ್ಕೆ ಬರೆಸಿ; ಮಲಗುವುದು ನಿಮ್ಮಿಷ್ಟ.

ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿರಲಿ. ತೂಗಾಟ ಅಲ್ಲಿ ಕಡಿಮೆ. ವಾಂತಿಯ ಮಾತ್ರೆಯನ್ನು ಹಡಗು ಹೊರಡುವ ಮುಂಚೆಯೇ ನುಂಗಬೇಕು, ವಾಂತಿ ಶುರುವಾದ ಮೇಲೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಯಾವುದು, ಎಷ್ಟು ಎಂದು ಡಾಕ್ಟರನ್ನು ಕೇಳಿಕೊಂಡೇ ಹೋಗಿ.

ಮಕ್ಕಳ ಕ್ಲಬ್ ಇದೆ ಎಂದರೆ ವಯಸ್ಸು ವಿಚಾರಿಸಿ. ಬಹಳ ಕಡೆ ಅದು ಹನ್ನೆರಡರೊಳಗಿನವರದು. ಸಿಂಗಪುರದಿಂದಲೂ ಹಡಗು ಬಿಡುವ ರಾಯಲ್ ಕೆರಿಬಿಯನ್‌ನಲ್ಲಿ 12ರಿಂದ 17ರವರಿಗೆ ಬೇರೆ ಜಾಗವೇ ಇದೆ. ವಿದೇಶಕ್ಕಾದರೆ ಪಾಸ್‌ಪೋರ್ಟ್ ಈಗಲೇ ತೆಗೆದು ನೋಡಿ: ಚಿಕ್ಕವರಿದ್ದಾಗ ಮಾಡಿಸಿದ್ದು ಐದೇ ವರ್ಷಕ್ಕೆ ಮುಗಿಯುತ್ತದೆ.

ಎರಡು ರಾತ್ರಿಯ ಪ್ಯಾಕೇಜು ನನ್ನ ಲೆಕ್ಕದಲ್ಲಿ ದುಡ್ಡಿಗೆ ತಕ್ಕದ್ದಲ್ಲ. ಹತ್ತುವುದು ಮಧ್ಯಾಹ್ನ, ಇಳಿಯುವುದು ಬೆಳಿಗ್ಗೆ, ನಡುವೆ ಪೂರ್ತಿ ದಿನ ಒಂದೇ. ಮುಂಬೈನಿಂದಾದರೆ ದಸರಾ ರಜೆಯ ಹೊತ್ತಿಗೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಕೆರಳಿರುತ್ತದೆ.

ಮಕ್ಕಳ ಮೊಬೈಲು ಬಂದರಿನಲ್ಲೇ ಫ್ಲೈಟ್ ಮೋಡಿಗೆ ಹೋಗಬೇಕು. ಇಲ್ಲದಿದ್ದರೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ತಾನೇ ಹಿಡಿದುಕೊಳ್ಳುತ್ತದೆ, ಮಾಮೂಲಿ ರೋಮಿಂಗ್ ಪ್ಯಾಕು ಅದಕ್ಕೆ ಸಲ್ಲುವುದಿಲ್ಲ, ಬಿಲ್ಲು ಸಾವಿರಗಟ್ಟಲೆ ಬರುತ್ತದೆ. ವೈಫೈ ಹೆಚ್ಚಾಗಿ ಬೇರೆ ದುಡ್ಡು. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿಬಿಡಿ. ಇಸ್ತ್ರಿಪೆಟ್ಟಿಗೆ, ಕರೆಂಟ್ ಕೆಟಲ್ ಒಯ್ಯಬೇಡಿ, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ರಾಯಚೂರಿನವರಿಗೆ ಮುಂಬೈಗೆ ನೇರ ರೈಲುಗಳಿವೆ, ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಹಿಡಿಯಬಹುದು. ಹಿಂದಿನ ದಿನವೇ ಮುಂಬೈ ಸೇರಿ. ತಡವಾದರೆ ಹಡಗು ಕಾಯುವುದಿಲ್ಲ. ವಾಪಸಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನಂಬಬೇಡಿ. ಅದು ಬೆಳಿಗ್ಗೆಯೇ ಮುಂಬೈ ಬಿಡುತ್ತದೆ, ಹಡಗಿನಿಂದ ಸರದಿಯಲ್ಲಿ ಇಳಿಯುವಷ್ಟರಲ್ಲಿ ಹೋಗಿರುತ್ತದೆ. ಸಂಜೆ ಅಥವಾ ರಾತ್ರಿಯ ಗಾಡಿಗೇ ಟಿಕೆಟ್ ತೆಗೆಸಿ.