ರಾಕೆಟ್ ನೋಡಲು ಶ್ರೀಹರಿಕೋಟಾಕ್ಕೆ ಹೊರಟಿದ್ದೀರಾ? ವಾಪಸ್ ಟಿಕೆಟ್ ಅದೇ ರಾತ್ರಿಗೆ ಬೇಡ

ಚಂದ್ರಯಾನ-2 ಹಾರಬೇಕಿದ್ದದ್ದು 2019ರ ಜುಲೈ 15ರ ನಸುಕಿನಲ್ಲಿ. ಇನ್ನು 56 ನಿಮಿಷ ಇದೆ ಎನ್ನುವಾಗ ಕೌಂಟ್‌ಡೌನ್ ನಿಂತಿತು, ಹಾರಿದ್ದು 22ಕ್ಕೆ. 2024ರ ಡಿಸೆಂಬರ್ 4ಕ್ಕೆ ನಿಗದಿಯಾಗಿದ್ದ ಯುರೋಪಿನ ಪ್ರೋಬಾ-3 ಉಪಗ್ರಹಗಳ ಉಡಾವಣೆ ಮರುದಿನ ಸಂಜೆಗೆ ಹೋಯಿತು. ವಾರದ ಮುಂದೂಡಿಕೆಗೆ ಮದ್ದಿಲ್ಲ. ಒಂದು ದಿನದ್ದಕ್ಕೆ ಇದೆ: ಒಂದು ರಜೆ ಹೆಚ್ಚಿಗೆ ಹಾಕಿಕೊಂಡು ಬನ್ನಿ.

ಉಡಾವಣೆ ನೋಡುವ ಗ್ಯಾಲರಿಗೆ ದುಡ್ಡಿಲ್ಲ, ಆದರೆ ಇಸ್ರೋ ತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದೊಡ್ಡ ಉಡಾವಣೆಯಾದರೆ ಜಾಗ ನಿಮಿಷಗಳಲ್ಲಿ ಮುಗಿಯುತ್ತದೆ. ಮನೆಯವರೆಲ್ಲರ ಗುರುತಿನ ಚೀಟಿ ಸಂಖ್ಯೆ ಒಂದು ಕಡೆ ಬರೆದಿಟ್ಟುಕೊಂಡು ಕೂತರೆ ಮಾತ್ರ ಸಿಗುತ್ತದೆ. ಹೋಗುವಾಗ ಅದೇ ಚೀಟಿಯ ಮೂಲಪ್ರತಿ ಕೈಯಲ್ಲಿರಲಿ.

ಇಳಿಯಬೇಕಾದ ಊರು ಸೂಳ್ಳೂರುಪೇಟೆ. ಚೆನ್ನೈ ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ನಿಲ್ದಾಣದಿಂದ ಲೋಕಲ್ ರೈಲಿದೆ. ಬೆಂಗಳೂರಿನಿಂದ ಕಾರಿನಲ್ಲಾದರೆ ತಿರುಪತಿ, ಶ್ರೀಕಾಳಹಸ್ತಿ, ನಾಯುಡುಪೇಟೆ ದಾರಿ. ಇಲ್ಲಿನ ಲಾಡ್ಜ್‌ಗಳನ್ನು ಮಾತ್ರ ನಂಬಬೇಡಿ. ಫೋನಿನಲ್ಲಿ ಹೇಳಿದ ದರ ಉಡಾವಣೆಯ ಹಿಂದಿನ ಸಂಜೆ ಕೌಂಟರಿನಲ್ಲಿ ದುಪ್ಪಟ್ಟಾಗಿರುತ್ತದೆ, ಅದೂ ಕಿಟಕಿಯಿಲ್ಲದ, ಬಿಸಿನೀರು ಬಾರದ ರೂಮಿಗೆ. ನಾಯುಡುಪೇಟೆ ಅಥವಾ ಗೂಡೂರಿನಲ್ಲಿ ಉಳಿದುಕೊಂಡು ಬರುವುದೇ ಲೇಸು.

ಊಟಕ್ಕೆ ಹೋಟೆಲ್ ಹುಡುಕುತ್ತಾ ಅಲೆಯಬೇಡಿ. ಚೆಂಗಾಳಮ್ಮನ ಗುಡಿ ಕಡೆಯ ಟಿಫಿನ್ ಬಂಡಿಗಳಲ್ಲಿ ಬೆಳಿಗ್ಗೆ ಕಾವಲಿಯಿಂದ ನೇರ ತಟ್ಟೆಗೆ ಬೀಳುವ ಪೆಸರಟ್ಟು, ಮೇಲೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಜೀರಿಗೆ, ಪಕ್ಕಕ್ಕೆ ಬೆಲ್ಲ ಹಾಕಿದ ಶುಂಠಿ ಚಟ್ನಿ. ಇಡ್ಲಿಗೆ ಶೇಂಗಾ ಚಟ್ನಿ, ಖಾರದ ಪುಡಿ, ಕೇಳಿದರೆ ತುಪ್ಪ. ಎರಡು ಪೆಸರಟ್ಟು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಜೇಬಿಗೂ ಭಾರವಿಲ್ಲ. ಇಸ್ರೋ ಅಧ್ಯಕ್ಷರು ಉಡಾವಣೆಗೆ ಮುಂಚೆ ಬರುವುದೂ ಇದೇ ಗುಡಿಗೆ.

ಸೂಳ್ಳೂರುಪೇಟೆಯಿಂದ ಶ್ರೀಹರಿಕೋಟಾಕ್ಕೆ ಪುಲಿಕಾಟ್ ಸರೋವರದ ನಡುವಿನ ಒಂದೇ ರಸ್ತೆ. ಹೋಗುವಾಗ ಜನ ಹಂತಹಂತವಾಗಿ ಬರುತ್ತಾರೆ, ಬರುವಾಗ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಆಟೋದವರೊಂದಿಗೆ ಎರಡೂ ಕಡೆಯ ಬಾಡಿಗೆ ಮೊದಲೇ ಮಾತಾಡಿ, ವಾಪಸಿನದನ್ನು ಬಂದ ಮೇಲೆ ಕೊಡಿ. ಗದ್ದಲ ಒಗ್ಗದವರು ಗ್ಯಾಲರಿಯಲ್ಲೇ ಒಂದು ಗಂಟೆ ಕೂತು ಹೊರಡುವುದು ಒಳ್ಳೆಯದು.

ಬೆಳಗಿನ ಉಡಾವಣೆಯಲ್ಲಿ ರಾಕೆಟ್ ಸಮುದ್ರದ ಕಡೆ, ಅಂದರೆ ಬಿಸಿಲಿಗೆ ಎದುರಾಗಿ ಹೋಗುತ್ತದೆ, ಹಾಗಾಗಿ ಫೋಟೊ ಕಪ್ಪಾಗುತ್ತದೆ. ಮಧ್ಯಾಹ್ನದ ಮೇಲಿನದು ಚೆನ್ನ, ಚಂದ್ರಯಾನ-3 ಹಾರಿದ್ದು 2:35ಕ್ಕೆ. ಮೊಬೈಲಿನಲ್ಲಾದರೆ ಎಕ್ಸ್‌ಪೋಷರ್ ಲಾಕ್ ಮಾಡಿ ಸ್ವಲ್ಪ ತಗ್ಗಿಸಿಡಿ, ಇಲ್ಲದಿದ್ದರೆ ಬೆಂಕಿಯ ಜಾಗದಲ್ಲಿ ಬರೀ ಬಿಳಿ ಚುಕ್ಕೆ. ಕಣ್ಣಿಗೆ 10×50 ಬೈನಾಕ್ಯುಲರ್ ಸಾಕು. ಪಿಎಸ್ಎಲ್‌ವಿ-ಎಕ್ಸ್ಎಲ್ ರಾಕೆಟ್ ಆದರೆ ನೆಲದಿಂದ ಉರಿದೇಳುವ ನಾಲ್ಕು ಸ್ಟ್ರ್ಯಾಪ್-ಆನ್‌ಗಳು (ಪಕ್ಕಕ್ಕೆ ಕಟ್ಟಿದ ಬೂಸ್ಟರ್‌ಗಳು) ಸುಮಾರು 70 ಸೆಕೆಂಡಿಗೆ ಕಳಚುತ್ತವೆ. ಆಕಾಶ ತಿಳಿಯಾಗಿದ್ದರೆ ಅದನ್ನು ಬೈನಾಕ್ಯುಲರಿನಲ್ಲಿ ಹಿಡಿಯಬಹುದು. ಸದ್ದು ಕಿಲೋಮೀಟರಿಗೆ ಮೂರು ಸೆಕೆಂಡಿನಂತೆ ತಡವಾಗಿ ಬರುತ್ತದೆ. ಬೆಂಕಿ ಕಂಡ ಮೇಲೂ ಮೌನವಿದ್ದರೆ ವಿಡಿಯೊ ನಿಲ್ಲಿಸಬೇಡಿ, ಎದೆ ನಡುಗಿಸುವ ಗುಡುಗು ಇನ್ನೂ ದಾರಿಯಲ್ಲಿರುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ. ಮೋಡ ತಗ್ಗಿದ್ದರೆ ರಾಕೆಟ್ ಕೆಲವೇ ಸೆಕೆಂಡು ಕಾಣುತ್ತದೆ. ಆಯ್ಕೆ ಇದ್ದರೆ ಜನವರಿ, ಫೆಬ್ರವರಿಯದನ್ನು ಹಿಡಿಯಿರಿ. ಪುಲಿಕಾಟ್‌ನಲ್ಲಿ ರಾಜಹಂಸಗಳೂ ಆಗಲೇ ಇರುತ್ತವೆ.